ಆವಿ ಹಿಡಿಯುವ ಹರಳು: ಪಾಲಿಮರ್ ಪದರವೋ, ಆಂಟಿಬಾಡಿಯೋ?

ಕಂಪಿಸುವ ಕ್ವಾರ್ಟ್ಜ್ ಹರಳಿನ ಮೇಲೆ ಏನಾದರೂ ಕೂತರೆ ಅದರ ಫ್ರೀಕ್ವೆನ್ಸಿ ಇಳಿಯುತ್ತದೆ. ಎಷ್ಟು ಕೂತರೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕವನ್ನು ಜರ್ಮನ್ ಭೌತವಿಜ್ಞಾನಿ ಸೌವರ್‌ಬ್ರೆ 1959ರಲ್ಲೇ ಕೊಟ್ಟರು. 5 ಮೆಗಾಹರ್ಟ್ಜ್ ಹರಳಾದರೆ ಚದರ ಸೆಂಟಿಮೀಟರಿಗೆ 17.7 ನ್ಯಾನೊಗ್ರಾಂ ಕೂತಾಗ 1 ಹರ್ಟ್ಜ್ ಇಳಿತ. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ. ಟಿಎನ್‌ಟಿ ಸ್ಫೋಟಕದ ಜೊತೆ ಇರುವ ಡಿಎನ್‌ಟಿ (ಡೈನೈಟ್ರೋಟಾಲ್ಯೂಯಿನ್) ಎಂಬ ರಾಸಾಯನಿಕದ ಆವಿಯನ್ನು ಹಿಡಿಯಲು ಹರಳಿನ ಮೇಲೆ ಯಾವ ಪದರ ಒಳ್ಳೆಯದು ಎಂದು ನಾನು ಹೋಲಿಸಿ ನೋಡಿದೆ.

ಮೊದಲು ಪಾಲಿಮರ್. ಪಾಲಿಐಸೋಬ್ಯುಟಿಲೀನ್ ಎಂಬ ರಬ್ಬರಿನಂಥ ಪಾಲಿಮರನ್ನು ತೆಳುವಾಗಿ ಬಳಿದರೆ ಸಾಕು. ಟಾಲ್ಯೂಯಿನ್ ಎಂಬ ದ್ರಾವಕದ ಆವಿ ಬಿಟ್ಟ ಕೂಡಲೇ ಫ್ರೀಕ್ವೆನ್ಸಿಯ ಗೆರೆ ಇಳಿಯುತ್ತದೆ, ಶುದ್ಧ ಗಾಳಿ ಬಿಟ್ಟರೆ ಮತ್ತೆ ಮೇಲಕ್ಕೆ ಬರುತ್ತದೆ. ಆದರೆ ಪಕ್ಕದಲ್ಲಿ ಯಾವ ದ್ರಾವಕದ ಬಾಟಲಿ ತೆರೆದರೂ ಅದು ಸ್ಪಂದಿಸುತ್ತದೆ. ಡಿಎನ್‌ಟಿಯಂಥ ಅತಿ ಕಡಿಮೆ ಆವಿ ಆ ಗದ್ದಲದಲ್ಲಿ ಮುಳುಗಿಯೇ ಹೋಗುತ್ತದೆ. ದ್ರಾವಕ ಸೋರುತ್ತಿದೆಯೇ ಎಂದು ಕಾಯುವ ಕೆಲಸಕ್ಕಾದರೆ ನಾನು ಕಣ್ಣುಮುಚ್ಚಿ ಪಾಲಿಮರನ್ನೇ ಆರಿಸುತ್ತೇನೆ.

ಇನ್ನು ಆಂಟಿಬಾಡಿ. ಈ ಪ್ರೋಟೀನ್ ತನಗೆ ಬೇಕಾದ ಅಣುವನ್ನೇ ಹುಡುಕಿ ಹಿಡಿಯುತ್ತದೆ, ಅಲ್ವಾ? ಹಾಗಾದರೆ ಅದನ್ನೇ ಚಿನ್ನದ ಎಲೆಕ್ಟ್ರೋಡ್ ಮೇಲೆ ಕೂರಿಸಿ ಗಾಳಿಗೆ ಒಡ್ಡಿದರೆ ಆಯಿತಲ್ಲ ಅನ್ನಿಸುತ್ತದೆ. ಇಲ್ಲಿ ಲೆಕ್ಕ ಅಡ್ಡ ಬರುತ್ತದೆ. ಆಂಟಿಬಾಡಿಯ ತೂಕ ಸುಮಾರು 1,50,000 ಡಾಲ್ಟನ್ (ಅಣುಗಳ ತೂಕದ ಅಳತೆ). ಡಿಎನ್‌ಟಿ ಬರೀ 182. ಅಣುವನ್ನು ಹಿಡಿಯುವ ಆಂಟಿಬಾಡಿಯ ಎರಡೂ ತೋಳು ತುಂಬಿದರೂ ಪದರದ ತೂಕ ಶೇ. 0.25ರಷ್ಟೂ ಹೆಚ್ಚುವುದಿಲ್ಲ. ಚದರ ಸೆಂಟಿಮೀಟರಿಗೆ 300 ನ್ಯಾನೊಗ್ರಾಂ ಆಂಟಿಬಾಡಿ ಇದೆ ಅಂದುಕೊಳ್ಳಿ. ಅದು ಪೂರ್ತಿ ತುಂಬಿದಾಗ ಕೂಡುವುದು ಒಂದು ನ್ಯಾನೊಗ್ರಾಂಗಿಂತ ಕಡಿಮೆ. ಮೇಲಿನ 17.7 ಜೊತೆ ಇಟ್ಟು ನೋಡಿದರೆ 1 ಹರ್ಟ್ಜ್‌ನ ಸಣ್ಣ ಚೂರು ಅಷ್ಟೇ. ಗಾಳಿಯ ತೇವ ಸ್ವಲ್ಪ ಬದಲಾದರೂ ಗೆರೆ ಅದಕ್ಕಿಂತ ಎಷ್ಟೋ ಜಾಸ್ತಿ ಓಡಾಡುತ್ತದೆ. ಒಣಗಿದ ಪ್ರೋಟೀನ್ ಹಿಡಿಯುವ ಶಕ್ತಿಯನ್ನೂ ಕಳೆದುಕೊಳ್ಳಬಹುದು. ಒಣ ಆಂಟಿಬಾಡಿ ಪದರವನ್ನು ಬಳಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮೇಲೆ ಹೈಡ್ರೋಜೆಲ್ (ನೀರು ಹಿಡಿದಿಡುವ ಜೆಲ್) ಹಚ್ಚಿ ತೇವ ಉಳಿಸಿದರೆ ಕತೆ ಬೇರೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ವಿಲಿಯಂ ಹಂಟ್ ತಂಡ ಮೇಲ್ಮೈ ಅಲೆಯ ಸೆನ್ಸರ್‌ಗೆ (ಹರಳಿನ ಮೇಲ್ಮೈಯಲ್ಲಿ ಕಂಪನದ ಅಲೆ ಓಡುವ ಸಾಧನ) ಆಂಟಿಬಾಡಿ ಕೂರಿಸಿ ಕೊಕೇನ್ ಆವಿಯನ್ನು ಗುರುತಿಸಿದ್ದನ್ನು 2003ರಲ್ಲಿ ಪ್ರಕಟಿಸಿತ್ತು. ಈ ಸೆನ್ಸರ್‌ಗಳು ನೂರಾರು ಮೆಗಾಹರ್ಟ್ಜ್‌ನಲ್ಲಿ ಓಡುವುದರಿಂದ ಹೆಚ್ಚು ಸೂಕ್ಷ್ಮ. ತೂಕ ಮಾತ್ರವಲ್ಲ, ಪದರದ ಗಡಸುತನ ಬದಲಾದರೂ ಅವಕ್ಕೆ ಗೊತ್ತಾಗುತ್ತದೆ. ನನಗೂ ಸ್ಪಂದನೆ ಸಿಕ್ಕಿತು. ಆದರೆ ಪಕ್ಕದಲ್ಲಿ ಜೋಡಿ ಸೆನ್ಸರ್ ಇರಲೇಬೇಕು. ಅದೇ ಜೆಲ್, ಅಷ್ಟೇ ಆಂಟಿಬಾಡಿ, ಆದರೆ ಡಿಎನ್‌ಟಿಗೆ ಸಂಬಂಧವೇ ಇಲ್ಲದ ಆಂಟಿಬಾಡಿ. ಎರಡರ ವ್ಯತ್ಯಾಸವನ್ನು ಮಾತ್ರ ನಂಬಬೇಕು. ಒಂದೇ ಸೆನ್ಸರ್‌ನ ಗೆರೆ ತೋರಿಸಿ ‘ಸಿಕ್ಕಿತು’ ಅಂದರೆ ನಾನು ಒಪ್ಪುವುದಿಲ್ಲ. ಜೆಲ್ ನೀರು ಕುಡಿದರೂ ಗೆರೆ ಹಾಗೇ ಇಳಿಯುತ್ತದೆ.

ನನ್ನ ಮನಸ್ಸು ಗೆದ್ದದ್ದು ಉಲ್ಟಾ ದಾರಿ. ಗಾಳಿಯನ್ನು ಮೊದಲು ಬಫರ್ (ಆಮ್ಲೀಯತೆ ಬದಲಾಗದಂತೆ ಕಾಯುವ) ದ್ರವದೊಳಗೆ ಗುಳ್ಳೆಯಾಗಿ ಹಾಯಿಸಬೇಕು. ಹರಳಿನ ಮೇಲೆ ಡಿಎನ್‌ಟಿಯನ್ನು ಹೋಲುವ ಅಣುವನ್ನು ಗಟ್ಟಿಯಾಗಿ ಕೂರಿಸಿ, ಅದಕ್ಕೆ ಆಂಟಿಬಾಡಿಯನ್ನು ಸಡಿಲವಾಗಿ ಅಂಟಿಸಿರಬೇಕು. ದ್ರವದಲ್ಲಿ ನಿಜವಾದ ಡಿಎನ್‌ಟಿ ಬಂದರೆ ಆಂಟಿಬಾಡಿ ಅದನ್ನು ಹಿಡಿದು ಮೇಲ್ಮೈ ಬಿಟ್ಟು ಹೋಗುತ್ತದೆ. 182ರ ಅಣು 1,50,000ದ ಭಾರವನ್ನು ಎತ್ತಿಕೊಂಡು ಹೋದಂತೆ! ಇನ್ನೊಂದು ಲಾಭವೂ ಇದೆ. ಇಲ್ಲಿ ಫ್ರೀಕ್ವೆನ್ಸಿ ಏರುತ್ತದೆ. ಬೇರೆ ಕಸ ಅಂಟಿದರೆ ಇಳಿಯುತ್ತದೆ. ಹಾಗಾಗಿ ಸುಮ್ನೆ ಅಂಟಿದ ಕಸ ಡಿಎನ್‌ಟಿಯ ವೇಷ ಹಾಕುವುದು ಕಷ್ಟ.

ತೊಂದರೆಗಳೂ ಉಂಟು. ಇದು ನಿಧಾನ. ಪಂಪು ಬೇಕು, ಉಷ್ಣತೆ ಸ್ಥಿರವಾಗಿರಬೇಕು. ಹರಳಿನ ಮೇಲೆ ಗುಳ್ಳೆ ಕೂತರೆ ಆ ಓದು ಹಾಳು. ಆಂಟಿಬಾಡಿ ಖಾಲಿಯಾದಂತೆ ಮತ್ತೆ ತುಂಬಬೇಕು. ಇಲ್ಲಿಗೆ ಮಾಮೂಲಿ ಮೇಲ್ಮೈ ಅಲೆಯ ಸೆನ್ಸರ್ ಆಗುವುದಿಲ್ಲ. ಅದು ಮೇಲೆ ಕೆಳಗೆ ಅಲುಗುವುದರಿಂದ ಶಕ್ತಿಯೆಲ್ಲ ದ್ರವಕ್ಕೆ ಸೋರುತ್ತದೆ. ಅಡ್ಡಡ್ಡ ಜಾರುವ ಎಟಿ ಕಟ್ (ನಿರ್ದಿಷ್ಟ ಕೋನದಲ್ಲಿ ಕತ್ತರಿಸಿದ) ಹರಳಿನಂಥದ್ದು ಬೇಕು. ಎಲ್ಲಕ್ಕಿಂತ ಜಾಸ್ತಿ ಸಮಯ ಹೋಗುವುದು ಮೇಲ್ಮೈಯ ಆ ನಕಲಿ ಅಣುವನ್ನು ಆರಿಸುವುದರಲ್ಲಿ. ಅದು ಆಂಟಿಬಾಡಿಯನ್ನು ಬಿಗಿಯಾಗಿ ಹಿಡಿದರೆ ಡಿಎನ್‌ಟಿ ಬಂದರೂ ಏನೂ ಕದಲುವುದಿಲ್ಲ. ತೀರಾ ಸಡಿಲವಾಗಿ ಹಿಡಿದರೆ ಬರೀ ಬಫರ್ ಹರಿದರೂ ಆಂಟಿಬಾಡಿ ಕಳಚಿ ಹೋಗುತ್ತದೆ. ಈ ದಾರಿ ಹಿಡಿಯುವವರು ಬೇರೆ ಎಲ್ಲಕ್ಕೂ ಮೊದಲು ಡಿಎನ್‌ಟಿ ಇಲ್ಲದ ಬಫರನ್ನು ಬಹಳ ಹೊತ್ತು ಹರಿಸಿ, ಗೆರೆ ನೆಟ್ಟಗೆ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ.