ಮುಖ ಕೆತ್ತಿಸುವ ಮುನ್ನ ಹಲಗೆಯ ತುದಿ ನೋಡಿ

ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೇಗದ ಹಲಗೆ. ತೀರಿಹೋದ ಅಜ್ಜನ ವರ್ಷದ ಕಾರ್ಯಕ್ಕೆಂದು ತುಮಕೂರಿನ ಒಂದು ಅಂಗಡಿಯಲ್ಲಿ ಸಿಎನ್‌ಸಿ ರೂಟರ್‌ನಿಂದ, ಅಂದರೆ ಕಂಪ್ಯೂಟರ್ ಫೈಲ್ ನೋಡಿ ಕೆತ್ತುವ ಮಷೀನಿನಿಂದ, ಕೆತ್ತಿಸಿದ ಭಾವಚಿತ್ರ. ಮಳೆಗಾಲದಲ್ಲಿ ಕೈಗೆ ಬಂದಾಗ ನುಣ್ಣಗಿತ್ತು. ಎಲ್ಲರೂ ಕೈಯಾಡಿಸಿ ಚೆನ್ನಾಗಿದೆ ಅಂದರು. ಗೋಡೆಗೆ ಹಾಕಿ ಪಕ್ಕದಿಂದ ಬೆಳಕು ಬಿದ್ದಾಗ ಒಂದೊಂದೇ ಕಾಣತೊಡಗಿತು. ಕಣ್ಣು ಊದಿಕೊಂಡು ಮುಚ್ಚಿದ ಹಾಗಿದೆ, ಹಣೆಯ ವಿಭೂತಿ ಮೂರು ಬಾಸುಂಡೆಯ ಹಾಗೆ ಎದ್ದಿದೆ, ಕುಂಕುಮ ಇದ್ದ ಜಾಗದಲ್ಲಿ ಗುಳಿ. ಮಾರ್ಚ್ ಬಿಸಿಲಿಗೆ ಹಣೆಯಿಂದ ಮೂಗಿನ ಪಕ್ಕದವರೆಗೆ ಸೀಳು ಬಿಟ್ಟಿತು. ಅಂಗಡಿಯ ಹೆಸರು ಇಲ್ಲಿ ಬೇಡ. ಮರ, ಕೆತ್ತುವ ಬಿಟ್, ಫೈಲ್: ಈ ಮೂರರ ಆಯ್ಕೆಯ ತಪ್ಪೂ ಯಾವ ಅಂಗಡಿಯಲ್ಲಾದರೂ ಆಗುವಂಥವೇ, ಮತ್ತು ಮೂರೂ ಮಷೀನ್ ಸ್ವಿಚ್ ಹಾಕುವ ಮೊದಲೇ ಆಗಿದ್ದವು.

ಸೀಳಿನಿಂದ ಶುರು ಮಾಡೋಣ. ಹಲಗೆಯ ತುದಿ ನೋಡಿದ್ದರೆ ಅದು ಮೊದಲೇ ಗೊತ್ತಾಗುತ್ತಿತ್ತು. ಹೊಲದ ಬದುವಿನಲ್ಲಿ ಬೆಳೆದ ಎಳೆಯ ತೇಗ, ಮೂರು ಪಟ್ಟಿ ಅಂಟಿಸಿದ್ದು. ನಡುವಿನ ಪಟ್ಟಿಯಲ್ಲಿ ಮರದ ತಿರುಳು, ಅಂದರೆ ಉಂಗುರಗಳ ನಟ್ಟನಡುವಿನ ಬಿಂದು, ಹಾಗೇ ಉಳಿದಿತ್ತು. ಮರ ಒಣಗುವಾಗ ಉಂಗುರದ ಸುತ್ತಲೂ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ಹೊರಕ್ಕೆ ಕಡಿಮೆ ಕುಗ್ಗುತ್ತದೆ. ಆ ಎಳೆದಾಟಕ್ಕೆ ಸೀಳು ತಿರುಳಿನ ಗುಂಟವೇ ಹೊರಡುತ್ತದೆ. ತಿರುಳಿರುವ ಪಟ್ಟಿ ಎಷ್ಟೇ ಅಗ್ಗಕ್ಕೆ ಸಿಗಲಿ, ಮುಖಕ್ಕೆ ಬೇಡ.

ಜೊತೆಗೆ ಮರ ಹಸಿಯಾಗಿತ್ತು. ಮುಳ್ಳು ಚುಚ್ಚುವ ತೇವಾಂಶ ಮೀಟರ್ ಹಲಗೆಯ ಮೇಲ್ಮೈಯಲ್ಲಿ 11 ತೋರಿಸಿದರೆ ನಂಬಬೇಡಿ. ಹೊರಗೆ ಒಣಗಿ ಒಳಗೆ 18 ಇರಬಹುದು. ತುದಿಯಿಂದ ಮೂರ್ನಾಲ್ಕು ಇಂಚು ಕತ್ತರಿಸಿಸಿ, ಹೊಸದಾಗಿ ಕತ್ತರಿಸಿದ ಮುಖದ ನಡುವೆ ಚುಚ್ಚಿ ನೋಡಿ. 12 ಶೇಕಡಾಕ್ಕಿಂತ ಹೆಚ್ಚಿದ್ದರೆ ಆ ಹಲಗೆ ಇನ್ನೂ ಕಾಯಬೇಕು. ಮೀಟರ್ ಇಲ್ಲದಿದ್ದರೆ ಅಡುಗೆಮನೆ ತಕ್ಕಡಿ ಸಾಕು. ಕತ್ತರಿಸಿದ ತುಂಡನ್ನು ತೂಗಿ, 103 ಡಿಗ್ರಿ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. 115 ಗ್ರಾಂ ಇದ್ದದ್ದು 100ಕ್ಕೆ ಇಳಿದರೆ ತೇವ 15 ಶೇಕಡಾ. ಕೆತ್ತನೆಗೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಬಿಟ್ ಒಂದೇ ಬದಿಯಿಂದ 12 ಮಿಲಿಮೀಟರ್ ತೆಗೆದುಹಾಕಿ ಹಸಿ ಒಳಭಾಗವನ್ನು ಗಾಳಿಗೆ ತೆರೆದಿಡುತ್ತದೆ. ಹಿಂಬದಿ ಒಣಗಿದೆ, ಮುಂಬದಿ ಈಗ ಒಣಗಲು ಶುರು. ಹಲಗೆ ದೋಣಿಯ ಹಾಗೆ ಬಾಗುತ್ತದೆ, ಬಾಗಲು ಬಿಡದೆ ಫ್ರೇಮಿಗೆ ಬಿಗಿದಿದ್ದರೆ ಸೀಳುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕೆತ್ತಿದ್ದು ಬೇಸಿಗೆಯಲ್ಲಿ ಬಾಯಿ ಬಿಡುವುದು ಹೀಗೆ. ನೆರಳಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ.

ಇನ್ನು ಬಣ್ಣ. ಎಳೆಯ ತೇಗದಲ್ಲಿ ಚೇಗು, ಅಂದರೆ ಒಳಗಿನ ಗಟ್ಟಿ ಕಂದು ಭಾಗ, ಕಡಿಮೆ; ಹೊರಗಿನ ಬಿಳಿ ಹೆಚ್ಚು. ಆ ಹಲಗೆಯಲ್ಲಿ ಬಿಳಿ–ಕಂದಿನ ಗಡಿ ಎಡಗೆನ್ನೆಯ ಮೇಲೇ ಹಾದುಹೋಗಿ ಅಜ್ಜನ ಮುಖ ಅರ್ಧ ಬಿಸಿಲಿಗೆ ಕಂದಿದ ಹಾಗಿತ್ತು. ಬಿಳಿಗೆ ಕುಟ್ಟೆ ಹುಳು ಬೇಗ ಹತ್ತುತ್ತದೆ ಅನ್ನುವುದು ಬೇರೆ. ಚೇಗೇ ಇದ್ದರೂ, ಉಂಗುರ ಮಲಗಿರುವ ಹಾಗೆ ಕೊಯ್ದ ಹಲಗೆಯಲ್ಲಿ ಉಬ್ಬಿದ ಕೆನ್ನೆ, ಮೂಗಿನ ತುದಿಗಳಲ್ಲಿ ಗೆರೆಗಳು ನಕ್ಷೆಯಲ್ಲಿ ಬೆಟ್ಟ ಬರೆದಂತೆ ಉಂಗುರ ಉಂಗುರವಾಗಿ ಕಾಣುತ್ತವೆ. ತುದಿಯಲ್ಲಿ ಉಂಗುರದ ಗೆರೆಗಳು ನೆಟ್ಟಗೆ ನಿಂತಿರುವ ಹಲಗೆ ಆರಿಸಿದರೆ ಮುಖದ ಮೇಲೆ ನೇರ ಗೆರೆ ಮಾತ್ರ ಬರುತ್ತದೆ.

ಮುಖಕ್ಕೆ ಮರದ ಅಂದ ಬೇಡ; ಮರ ಸುಮ್ಮನಿರಬೇಕು, ನೆರಳು ಮಾತಾಡಬೇಕು. ಹಾಗಾಗಿ ಶಿವನೆ ಒಳ್ಳೆಯ ಆಯ್ಕೆ: ತಿಳಿ ಬಣ್ಣ, ಹೆಚ್ಚು ಅಲುಗಾಡದ ಮರ, ಬಿಟ್‌ಗೆ ಹಗುರ. ಮಹಾಗನಿಯೂ ಸರಿ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಇನ್ನೂ ನುಣುಪು, ಆದರೆ ಅಗಲದ ಹಲಗೆ ಸಿಗುವುದಿಲ್ಲ. ಹಲಸು ಕೆತ್ತನೆಗೆ ಒಗ್ಗುತ್ತದೆ. ಅದರ ಇವತ್ತಿನ ಹಳದಿ ಬಣ್ಣ ಬೆಳಕು ಬಿದ್ದಂತೆ ಕಂದಾಗುತ್ತಾ ಹೋಗುತ್ತದೆ ಅಂತ ತಿಳಿದು ಮಾಡಿಸಿ. ಮಾವಿನಲ್ಲಿ ಜುಂಗು, ಅಂದರೆ ಸಣ್ಣ ನಾರು, ಏಳುತ್ತದೆ, ಕಲೆಯೂ ಹೆಚ್ಚು. ಬೇವಿನಲ್ಲಿ ಎಳೆ ಹಿಂದೆ ಮುಂದೆ ಹೆಣೆದುಕೊಂಡಿರುವುದರಿಂದ ಒಂದು ಕಡೆ ನುಣ್ಣಗೆ ಬಂದರೆ ಪಕ್ಕದಲ್ಲೇ ಕಿತ್ತುಬರುತ್ತದೆ. ಸಿಲ್ವರ್ ಓಕ್‌ನ ಹೊಳೆಯುವ ಚುಕ್ಕೆಗಳು ಮುಖದ ಮೇಲೆ ಸಿಡುಬಿನ ಕಲೆಯ ಹಾಗೆ ಕಾಣುತ್ತವೆ. ಬೀಟೆಯ ಕಪ್ಪಿನಲ್ಲಿ ನೆರಳೇ ಕಾಣದು. ತಿಪಟೂರಿನ ಕಡೆಯವರು ತೆಂಗಿನ ಹಲಗೆ ತಂದುಕೊಡುತ್ತಾರೆ. ಗಟ್ಟಿ ನಾರು, ನಡುವೆ ಮೆತ್ತನೆ ಪುಡಿ, ಮುಖಕ್ಕೆ ಆಗುವುದಿಲ್ಲ.

ಡಿಪೋದಲ್ಲಿ ‘ಒಂದು ಇಂಚು’ ಅಂದರೆ ಎರಡೂ ಕಡೆ ಪ್ಲೇನ್ ಮಾಡಿದ ಮೇಲೆ 20–22 ಮಿಮೀ ಉಳಿಯುತ್ತದೆ. 12 ಮಿಮೀ ಆಳ ಕೆತ್ತಿ ಹಿಂದೆ ಕನಿಷ್ಠ 12 ಮಿಮೀ ಉಳಿಯಬೇಕಾದರೆ ಒಂದೂಕಾಲು ಇಂಚು ಕೇಳಿ. ಆ ಅಳತೆಗೆ ಒಂದೂವರೆ ಅಡಿ, ಎರಡು ಅಡಿಯ ಹಲಗೆ ಮೂರನೇ ಒಂದು ಘನ ಅಡಿಯೂ ಆಗುವುದಿಲ್ಲ. ಇಲ್ಲಿ ಜಿಪುಣತನ ಮಾಡಿ ಉಳಿಯುವ ದುಡ್ಡು ಎಷ್ಟೂ ಅಲ್ಲ. ಪಟ್ಟಿ ಅಂಟಿಸುವಾಗ ಅಂಟಿನ ಗೆರೆ ಕಣ್ಣು, ಮೂಗು, ಬಾಯಿಯ ಮೇಲೆ ಬರಬಾರದು.

ಈಗ ಕಣ್ಣು. ಆ ಕೆಲಸ ಮೂರು ಗಂಟೆಯಲ್ಲಿ ಮುಗಿಯಿತಂತೆ. ಲೆಕ್ಕ ಹಾಕಿದರೆ ಯಾವ ಬಿಟ್ ಅಂತ ತಾನಾಗಿ ತಿಳಿಯುತ್ತದೆ. 457 ಮಿಮೀ ಅಗಲವನ್ನು 0.5 ಮಿಮೀ ಸ್ಟೆಪ್‌ಓವರ್‌ನಲ್ಲಿ (ಸಾಲಿನಿಂದ ಸಾಲಿಗೆ ಇರುವ ಅಂತರ) ಓಡಿಸಿದರೆ 914 ಸಾಲು. ಸಾಲಿಗೆ 610 ಮಿಮೀ, ನಿಮಿಷಕ್ಕೆ 3000 ಮಿಮೀ ವೇಗ: ಮೂರು ಗಂಟೆ ಚಿಲ್ಲರೆ. ಇಷ್ಟು ಅಂತರದ ಸಾಲು ಅಂದರೆ 6 ಮಿಮೀ ಬಾಲ್‌ನೋಸ್, ತುದಿ ಉಂಡೆಯಾಗಿರುವ ಬಿಟ್. ಅದರ ಸಾಲುಗಳ ನಡುವಿನ ಏಣು 0.01 ಮಿಮೀ ಅಷ್ಟೇ. ಅದಕ್ಕೇ ಕೈಯಾಡಿಸಿದವರಿಗೆ ನುಣ್ಣಗೆ ಅನ್ನಿಸಿದ್ದು. ಆದರೆ 3 ಮಿಮೀ ತ್ರಿಜ್ಯದ ಉಂಡೆ ತನಗಿಂತ ಸಣ್ಣ ಮೂಲೆಗೆ ಇಳಿಯಲಾರದು. ಮುಖ 150 ಮಿಮೀ ಅಗಲವಿದ್ದರೆ ಒಂದು ಕಣ್ಣು 30 ಮಿಮೀ, ರೆಪ್ಪೆಯ ಮಡಿಕೆ ಒಂದು ಮಿಮೀ. ಮಡಿಕೆ ಪೂರ್ತಿ ತುಂಬಿಹೋಗಿ ಕಣ್ಣು ಮುಚ್ಚಿತು. ನುಣುಪು ಬೇರೆ, ವಿವರ ಬೇರೆ. ಗಿರಾಕಿಯನ್ನು ಮೋಸಗೊಳಿಸುವುದು ನುಣುಪೇ.

ಸರಿಯಾದ ದಾರಿ ಮೂರು ಬಿಟ್‌ನದು. ಮೊದಲು 6 ಮಿಮೀ ಚಪ್ಪಟೆ ತುದಿಯ ಎಂಡ್‌ಮಿಲ್‌ನಲ್ಲಿ ರಫಿಂಗ್, ಅಂದರೆ ಒರಟು ಕೆತ್ತನೆ: ಒಂದು ಸಲಕ್ಕೆ 3 ಮಿಮೀ ಆಳ, ಬಿಟ್ ವ್ಯಾಸದ 40 ಶೇಕಡಾ ಸ್ಟೆಪ್‌ಓವರ್, ಮೇಲೆ 0.5 ಮಿಮೀ ಮರ ಬಿಡಬೇಕು. ರಫಿಂಗ್ ಉಳಿಸಿ ನೇರ ಸಣ್ಣ ಬಿಟ್ ಇಳಿಸಿದರೆ ತುದಿ ಮುರಿಯುತ್ತದೆ. ಆಮೇಲೆ ತುದಿಗೆ ಸಣ್ಣಗಾಗುವ ಆರ್ 1.0 (ತುದಿಯ ತ್ರಿಜ್ಯ 1 ಮಿಮೀ) ಟೇಪರ್ ಬಾಲ್‌ನೋಸ್, 0.2 ಮಿಮೀ ಸ್ಟೆಪ್‌ಓವರ್, ಇಡೀ ಚಿತ್ರಕ್ಕೆ: ಇದು ಸುಮಾರು 7 ಮುಕ್ಕಾಲು ಗಂಟೆ. ಕೊನೆಗೆ ಮುಖದ 150 × 200 ಮಿಮೀ ಜಾಗಕ್ಕೆ ಮಾತ್ರ ಆರ್ 0.5, 0.1 ಮಿಮೀ ಸ್ಟೆಪ್‌ಓವರ್, ನಿಮಿಷಕ್ಕೆ 2000 ಮಿಮೀ: ಇನ್ನೆರಡೂವರೆ ಗಂಟೆ. ಸಾಲಿನ ತುದಿಯಲ್ಲಿ ವೇಗ ತಗ್ಗುವುದರಿಂದ ನಿಜಕ್ಕೂ ಇನ್ನೂ ಹೆಚ್ಚೇ ಹಿಡಿಯುತ್ತದೆ. ಹತ್ತು ಗಂಟೆಯ ಕೆಲಸವನ್ನು ಮೂರು ಗಂಟೆಯ ರೇಟಿಗೆ ಕೇಳಿದರೆ ಮೂರು ಗಂಟೆಯ ಕಣ್ಣೇ ಬರುತ್ತದೆ.

ಬಿಟ್ ಬದಲಾಯಿಸಿದಾಗ ಝಡ್ ಸೊನ್ನೆಯನ್ನು, ಅಂದರೆ ಆಳದ ಅಳತೆ ಶುರುವಾಗುವ ಬಿಂದುವನ್ನು, ಮತ್ತೆ ಹಿಡಿಯಲೇಬೇಕು. 0.2 ಮಿಮೀ ತಪ್ಪಿದರೂ ಮುಖದ ಸುತ್ತ ಚೌಕದ ಮೆಟ್ಟಿಲು ಬೀಳುತ್ತದೆ. ಆರ್ 0.5ರ ಗಡಿಯನ್ನು ಚೌಕವಾಗಿಡದೆ ಕೂದಲು, ಗಡ್ಡದ ಅಂಚಿನಲ್ಲಿ ಎಳೆದರೆ ಸ್ವಲ್ಪ ತಪ್ಪಿದರೂ ಮರೆಯಾಗುತ್ತದೆ. ಬಿಟ್ ಹಿಡಿಯುವ ಕಾಲೆಟ್ ಸವೆದು ಬಿಟ್ ಓಲಾಡುತ್ತಿದ್ದರೆ ಸಣ್ಣ ತುದಿ ಉಳಿಯದು. ಕಾಲೆಟ್ ಒಳಗಿನ ಪುಡಿ ಊದಿ, ಬಿಟ್ ಆದಷ್ಟು ಕಡಿಮೆ ಹೊರಚಾಚಿರಲಿ.

ಬಿಟ್ ಮುರಿಯುತ್ತದೆ ಅನ್ನುವ ಹೆದರಿಕೆಗೆ ವೇಗ ತಗ್ಗಿಸುವುದು ಇನ್ನೊಂದು ತಪ್ಪು. 18,000 ಆರ್‌ಪಿಎಂ, ಎರಡು ಅಲಗು, 2000 ಮಿಮೀ ವೇಗದಲ್ಲಿ ಒಂದೊಂದು ಅಲಗು 0.056 ಮಿಮೀ ಕಚ್ಚುತ್ತದೆ. 600ಕ್ಕೆ ಇಳಿಸಿದರೆ 0.017, ಆಗ ಕತ್ತರಿಸುವ ಬದಲು ಉಜ್ಜುತ್ತದೆ, ಮರ ಕಪ್ಪಾಗುತ್ತದೆ, ಅಲಗು ಮೊಂಡಾಗುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಮೊದಲೇ ಬೇಗ ಮೊಂಡು. ಎಳೆಗೆ ಅಡ್ಡ ಓಡಿದ ಕಡೆ ಜುಂಗು ಏಳತೊಡಗಿದರೆ ಬಿಟ್ ಬದಲಿಸುವ ಹೊತ್ತಾಯಿತು. ಕೊನೆಯ ನುಣುಪಿನ (ಫಿನಿಶಿಂಗ್) ಸಾಲು ಎಳೆಯ ಉದ್ದಕ್ಕೇ ಓಡಲಿ.

ವಿಭೂತಿಯ ಬಾಸುಂಡೆಗೆ ಮರವೂ ಬಿಟ್ಟೂ ಕಾರಣವಲ್ಲ. ಫೋಟೋವನ್ನು ಕಪ್ಪು–ಬಿಳುಪು ಮಾಡಿ ಅದನ್ನೇ ಆಳದ ನಕ್ಷೆ ಅಂತ ಮಷೀನಿಗೆ ಕೊಟ್ಟಿದ್ದರು. ಮಷೀನಿಗೆ ಬಿಳಿ ಅಂದರೆ ಎತ್ತರ, ಕಪ್ಪು ಅಂದರೆ ಆಳ. ವಿಭೂತಿ ಎದ್ದಿತು, ಕುಂಕುಮ ಕುಸಿಯಿತು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಚಿತ್ರ ಕೆತ್ತಿಸುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಸ್ವಾಮೀಜಿಯವರ ಕನ್ನಡಕದ ಗಾಜಿನ ಮೇಲಿನ ಬೆಳಕೂ ಹೀಗೇ ಗುಳ್ಳೆಯಾಗಿ ಏಳುತ್ತದೆ. ಮುಖದ ನಿಜವಾದ ಉಬ್ಬುತಗ್ಗನ್ನು ಕೂತು ಮಾಡಿದ 3ಡಿ ಫೈಲೇ ಬೇಕು, ಅದೂ 16 ಬಿಟ್‌ನದು (ಇದು ಕಂಪ್ಯೂಟರ್ ಲೆಕ್ಕದ ಬಿಟ್, ಕೆತ್ತುವ ಬಿಟ್ ಅಲ್ಲ). 8 ಬಿಟ್ ಚಿತ್ರದಲ್ಲಿ ಇರುವುದು 256 ಹಂತ. 12 ಮಿಮೀ ಆಳಕ್ಕೆ ಒಂದೊಂದು ಹಂತ 0.047 ಮಿಮೀ. ಪಾಲಿಶ್ ಬಿದ್ದ ಮೇಲೆ ಹಣೆಯಲ್ಲಿ ಮೆಟ್ಟಿಲು ಕಾಣುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಫೈಲನ್ನು ಪರದೆಯ ಮೇಲೆ ಪಕ್ಕಕ್ಕೆ ತಿರುಗಿಸಿ ತೋರಿಸಲು ಹೇಳಿ. ಪಕ್ಕದಿಂದ ಮೂಗು ಕಾಣದಿದ್ದರೆ ಮರದಲ್ಲೂ ಕಾಣುವುದಿಲ್ಲ.

ಹತ್ತು ಗಂಟೆಯ ಓಟದ ನಡುವೆ ಕರೆಂಟ್ ಹೋದರೆ ನಿಂತ ಸಾಲಿನಿಂದ ಮುಂದುವರಿಸುವ ಸೌಲಭ್ಯ ಮಷೀನ್ ನಡೆಸುವ ಡಿಎಸ್‌ಪಿ ಕಂಟ್ರೋಲರ್‌ನಲ್ಲಿರುತ್ತದೆ, ಆದರೆ ಮೋಟಾರ್ ಜಾಗ ತಪ್ಪಿರಬಹುದು. ಮೂಲ ಜಾಗವನ್ನು ಮತ್ತೆ ಹುಡುಕಿಕೊಡುವ ಹೋಮ್ ಸ್ವಿಚ್ ಇಲ್ಲದ ಮಷೀನಿಗೆ ಉದ್ದದ ಕೆಲಸ ಕೊಡಬೇಡಿ.

ಕೆತ್ತಿದ ಮೇಲೆ 80ರ ಒರಟು ಸ್ಯಾಂಡ್‌ಪೇಪರ್ ಮುಖದ ಹತ್ತಿರ ಬರಕೂಡದು, ರೆಪ್ಪೆ ಎರಡು ನಿಮಿಷದಲ್ಲಿ ಮಾಯ. ಮೊದಲು ಮರದ ರಂಧ್ರ ಮುಚ್ಚುವ ಸೀಲರ್ ಒಂದು ಕೋಟ್ ಹೊಡೆದು ಜುಂಗು ಗಟ್ಟಿಯಾದ ಮೇಲೆ 320ರ ನಯವಾದ ಕಾಗದದಲ್ಲಿ ಕೈಯಿಂದ ಸವರಿದರೆ ಸಾಕು. ಸೀಲರ್ ಇಲ್ಲದೆ ಬಣ್ಣ ಹಾಕಿದರೆ ಜುಂಗಿದ್ದ ಕಡೆ ಹೀರಿಕೊಂಡು ಕಪ್ಪು ಮಚ್ಚೆ ನಿಲ್ಲುತ್ತದೆ.

ಆಗಲೇ ಸೀಳಿದ ಹಲಗೆ ಮನೆಯಲ್ಲಿದ್ದರೆ ಪುಟ್ಟಿ ತುಂಬಲು ಅವಸರ ಮಾಡಬೇಡಿ. ಫ್ರೇಮಿನ ಸ್ಕ್ರೂ ಸಡಿಲಿಸಿ, ಬೇಸಿಗೆ ಮುಗಿಯುವವರೆಗೆ ನೆರಳಲ್ಲಿ ನಿಲ್ಲಿಸಿ. ಮೇ ಕೊನೆಗೆ ಸೀಳು ಎಷ್ಟು ಅಗಲವಾಗಬೇಕೋ ಅಷ್ಟಾಗಿರುತ್ತದೆ. ಆಗ ಅದೇ ಮರದ ತೆಳ್ಳನೆಯ ಚಕ್ಕೆ ಹೆರೆದು, ಎಳೆ ಒಂದೇ ದಿಕ್ಕಿಗೆ ಬರುವಂತೆ ಅಂಟಿಸಿ ಕೂರಿಸಬಹುದು.