ಟ್ರೈಲರ್ ಫ್ರಿಡ್ಜಿನ ಬೆನ್ನಿಗೆ ಗಾಳಿ: ಸೋಲಾರ್ ಫ್ಯಾನ್, ತಗಡು, ಕಂಪ್ರೆಸರ್

110 ಡಾಲರ್ ಕೊಟ್ಟು ತಂದ ಸೋಲಾರ್ ಫ್ಯಾನ್ ಈಗ ನಮ್ಮ ಗ್ಯಾರೇಜಿನ ಮೂಲೆಯಲ್ಲಿದೆ. ನಮ್ಮ ಟ್ರೈಲರಿನ, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಗಾಡಿಯ, ಫ್ರಿಡ್ಜಿನ ಬೆನ್ನಿಗೆ ಗಾಳಿ ಹಾಯಿಸಬೇಕಿದ್ದ ಅದರ ಕೆಲಸವನ್ನು ಒಂದು ಅಲ್ಯುಮಿನಿಯಂ ತಗಡು, ಎರಡು ಕಂಪ್ಯೂಟರ್ ಫ್ಯಾನ್, ಒಂದು ಥರ್ಮೋಸ್ಟಾಟ್ ಸ್ವಿಚ್ ಸೇರಿ ಮಾಡುತ್ತಿವೆ. ಇಷ್ಟಕ್ಕೂ ನನಗೆ ಬಿದ್ದ ಖರ್ಚು 60 ಡಾಲರಿನ ಒಳಗೆ.

ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. 2023ರಲ್ಲಿ ಸತತ 31 ದಿನ ಉಷ್ಣತೆ 110 ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 43 ಡಿಗ್ರಿಗಿಂತ ಕೆಳಗಿಳಿಯದ ಮಧ್ಯಾಹ್ನಗಳನ್ನು ಕಂಡ ಊರು. ಬೇಸಿಗೆಯಲ್ಲಿ ರಜೆ ಸಿಕ್ಕರೆ ಎಲ್ಲರೂ ಫ್ಲ್ಯಾಗ್‌ಸ್ಟಾಫ್‌ ದಾರಿ ಹಿಡಿಯುತ್ತಾರೆ. ಅಲ್ಲಿ 7,000 ಅಡಿ ಎತ್ತರ, ಪೈನ್ ಕಾಡು, ತಣ್ಣನೆ ರಾತ್ರಿ. ನಾವೂ ಹದಿನೇಳು ಅಡಿಯ ಹಳೇ ಟ್ರೈಲರ್ ಒಂದನ್ನು ಕೊಂಡೆವು.

ಮೊದಲ ಪ್ರವಾಸ ಮೇ ಕೊನೆಯಲ್ಲಿ. ದಾರಿಯಲ್ಲಿ ಕಾಟನ್‌ವುಡ್‌ನಲ್ಲಿ ಒಂದು ರಾತ್ರಿ ತಂಗಿದೆವು. ಮಧ್ಯಾಹ್ನ ಹೊರಗೆ 38 ಡಿಗ್ರಿ. ನಾಲ್ಕು ಗಂಟೆ ಹೊತ್ತಿಗೆ ಹೆಂಡತಿ ಫ್ರಿಡ್ಜ್ ಬಾಗಿಲು ತೆಗೆದವಳು, "ರೀ, ಹಿಟ್ಟೆಲ್ಲಾ ಉಕ್ಕಿಬಿಟ್ಟಿದೆ, ಬನ್ನಿ ಇಲ್ಲಿ" ಎಂದು ಕೂಗಿದಳು. ದೋಸೆ ಹಿಟ್ಟು ಮುಚ್ಚಳವನ್ನೇ ಎಬ್ಬಿಸಿಕೊಂಡು ಕಂಬಿಗಳ ನಡುವೆ ಇಳಿದು ಸೊಪ್ಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗಿನ ಥರ್ಮಾಮೀಟರ್ 13 ತೋರಿಸುತ್ತಿತ್ತು, ಇರಬೇಕಾದ್ದು 4ರೊಳಗೆ. ಹಿಟ್ಟು ಹೋದರೆ ಹೋಗಲಿ, ತಣ್ಣಗೇ ಇಡಬೇಕಾದ ಮಗಳ ಆಂಟಿಬಯಾಟಿಕ್ ಸಿರಪ್ ಕೂಡ ಅದರಲ್ಲೇ ಇತ್ತು. ಅದನ್ನು ಚೆಲ್ಲಿ, ಔಷಧಿ ಅಂಗಡಿ ಹುಡುಕಿಕೊಂಡು ಹೋದೆ. ಆವತ್ತೇ ಇದನ್ನು ಸರಿಮಾಡದೆ ಮತ್ತೆ ಹೊರಡುವುದಿಲ್ಲ ಎಂದು ನಿರ್ಧರಿಸಿದೆ.

ಇಂಥ ಟ್ರೈಲರ್‌ಗಳಲ್ಲಿ ಹೆಚ್ಚಾಗಿ ಇರುವುದು ಅಬ್ಸಾರ್ಪ್ಶನ್ ಫ್ರಿಡ್ಜ್. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದ ಉಪಾಯ ಅದು. ಮನೆಯ ಫ್ರಿಡ್ಜಿನಲ್ಲಿರುವಂಥ ಕಂಪ್ರೆಸರ್ ಇಲ್ಲ, ತಿರುಗುವ ಭಾಗ ಯಾವುದೂ ಇಲ್ಲ. ಕೆಳಗೆ ಪ್ರೊಪೇನ್ ಗ್ಯಾಸಿನ ಉರಿಯೋ ವಿದ್ಯುತ್ತೋ ಕಾಯಿಸುತ್ತದೆ. ಕೊಳವೆಯೊಳಗಿನ ಅಮೋನಿಯಾ ಆವಿಯಾಗಿ ಮೇಲಕ್ಕೇರಿ, ಬೆನ್ನಿನ ಮೇಲ್ಭಾಗದ ರೆಕ್ಕೆಗಳಲ್ಲಿ (ಫ್ಯಾನಿನ ರೆಕ್ಕೆಯಲ್ಲ, ಕೊಳವೆಗೆ ಸಾಲಾಗಿ ಕೂರಿಸಿದ ಲೋಹದ ಪಟ್ಟಿಗಳು) ಬಿಸಿ ಕಳೆದುಕೊಂಡು ದ್ರವವಾಗಬೇಕು. ಆ ರೆಕ್ಕೆಗಳಿಗೆ ಗಾಳಿ ತಾಗದಿದ್ದರೆ ದ್ರವ ಆಗುವುದಿಲ್ಲ, ಒಳಗೆ ತಂಪೂ ಇಲ್ಲ. ದೊಡ್ಡ ಗಾಡಿಗಳಲ್ಲಿ ಬಿಸಿ ಗಾಳಿ ಚಾವಣಿಯ ಕಿಂಡಿಯಿಂದ ನೆಟ್ಟಗೆ ಮೇಲೆ ಹೋಗುತ್ತದೆ. ನಮ್ಮದರಲ್ಲಿ ಚಾವಣಿ ಕಿಂಡಿಯೇ ಇಲ್ಲ. ಪಕ್ಕದ ಗೋಡೆಯಲ್ಲೇ ಮೇಲೊಂದು ಕೆಳಗೊಂದು ಜಾಲರಿ ಇದೆ, ಅಷ್ಟೆ.

ಸೋಲಾರ್ ಫ್ಯಾನ್ ಕೊಂಡದ್ದು ವೈರಿಂಗ್ ಗೋಜು ಇಲ್ಲ ಎಂಬ ಆಸೆಗೆ. ಅದರ ಸೋಲಾರ್ ಪ್ಯಾನೆಲ್, ಮೇಲಿನ ಜಾಲರಿಯ ಮುಚ್ಚಳದಲ್ಲೇ ಇತ್ತು, ಕೂರಿಸಲು ಹತ್ತು ನಿಮಿಷ ಸಾಕಾಯಿತು. ಆದರೆ ಗಾಡಿ ನಿಲ್ಲಿಸುವಾಗ ಫ್ರಿಡ್ಜ್ ಇರುವ ಮಗ್ಗುಲನ್ನು ನೆರಳಿಗೆ ತಿರುಗಿಸುವುದು ನಮ್ಮ ಅಭ್ಯಾಸ. ಬಿಸಿಲು ಬಿದ್ದ ಗೋಡೆಯನ್ನು ಕೈಯಲ್ಲಿ ಮುಟ್ಟಲಾಗುವುದಿಲ್ಲ. ನೆರಳಿಗೆ ಬಂದ ಕೂಡಲೇ ಫ್ಯಾನ್ ನಿಂತಿತು. ಬಿಸಿಲಿಗೆ ತಿರುಗಿಸಿದರೆ ಫ್ಯಾನ್ ತಿರುಗುತ್ತದೆ, ಗೋಡೆಯೂ ಕಾಯುತ್ತದೆ. ಸಂಜೆ ಏಳಕ್ಕೆ ಗಾಡಿ ಇನ್ನೂ ಕೆಂಡದಂತಿರುವಾಗ ಅದಕ್ಕೆ ಕೆಲಸವೇ ಇಲ್ಲ. ಎರಡು ಪ್ರವಾಸ ಆದಮೇಲೆ ಬಿಚ್ಚಿದೆ.

ಆಮೇಲೆ 12 ವೋಲ್ಟಿನ ಎರಡು ಕಂಪ್ಯೂಟರ್ ಫ್ಯಾನ್ ತಂದು ಅದೇ ಮೇಲಿನ ಜಾಲರಿಯ ಒಳಬದಿಗೆ ತಿರುಪು ಹಾಕಿ ಬಿಗಿದೆ. ಫ್ಯಾನ್‌ಗಳು ಚೆನ್ನಾಗೇ ತಿರುಗುತ್ತಿದ್ದವು, ಬಿಸಿ ಗಾಳಿಯೂ ಹೊರಬರುತ್ತಿತ್ತು. ಆದರೂ ಒಳಗೆ 13 ಇದ್ದದ್ದು 11ಕ್ಕೆ ಬಂದು ನಿಂತಿತು. ಒಂದು ವಾರ ಇದೇ ತಲೆನೋವು. ವೈರ್ ಬದಲಿಸಿದೆ, ಗಾಡಿ ಸಮತಟ್ಟಾಗಿದೆಯೇ ಎಂದು ಮತ್ತೆ ಮತ್ತೆ ನೋಡಿದೆ.

ಕೊನೆಗೆ ದಾರಿ ತೋರಿಸಿದ್ದು ಊದುಬತ್ತಿ. ಸಿಲಿಂಡರ್ ವಾಲ್ವ್ ಮುಚ್ಚಿ, ಉರಿ ಆರಿಸಿ, ಎರಡೂ ಜಾಲರಿ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಮತ್ತೆ ಜಾಲರಿ ಕೂರಿಸಿದೆ. ಫ್ಯಾನ್ ಹಾಕಿ ಒಂದು ಕಡ್ಡಿ ಹಚ್ಚಿಕೊಂಡು ಕೆಳಗಿನ ಜಾಲರಿಯ ಬಳಿ ಹಿಡಿದೆ. ಹೊಗೆ ಸೋಮಾರಿಯಂತೆ ಅಲ್ಲೇ ಸುತ್ತಾಡಿತು. ಮೇಲಿನ ಜಾಲರಿಯ ಕೆಳ ಅಂಚಿಗೆ ಹಿಡಿದರೆ ಸರ್‍ರನೆ ಒಳಗೆ ಎಳೆದುಕೊಂಡು, ನಾಲ್ಕು ಬೆರಳು ಮೇಲೆ ಫ್ಯಾನಿನಿಂದ ಹೊರಗೆ ಬಂತು. ಅಂದರೆ ಫ್ಯಾನ್ ತನ್ನ ಪಕ್ಕದ ಗಾಳಿಯನ್ನೇ ಒಳಗೆಳೆದು ಹೊರಗೆ ಹಾಕುತ್ತಿತ್ತು, ರೆಕ್ಕೆಗಳ ತಂಟೆಗೇ ಹೋಗುತ್ತಿರಲಿಲ್ಲ.

ಇಂಚುಪಟ್ಟಿ ಇಳಿಸಿ ಅಳೆದೆ. ರೆಕ್ಕೆಗೂ ಹೊರಗೋಡೆಗೂ ನಡುವೆ ಮೂರೂವರೆ ಇಂಚು ಖಾಲಿ. ಅಳವಡಿಕೆಯ ಕೈಪಿಡಿ ಕೇಳುವುದು ಒಂದು ಇಂಚಿನೊಳಗೆ. ಅಷ್ಟು ಅಗಲದ ದಾರಿ ಪಕ್ಕದಲ್ಲೇ ಇರುವಾಗ ಗಾಳಿ ಇಕ್ಕಟ್ಟಿನ ರೆಕ್ಕೆಗಳ ನಡುವೆ ಯಾಕೆ ನುಗ್ಗೀತು? ತಗಡನ್ನು ಕತ್ತರಿಸಿ, ಹೊರಗೋಡೆಯಿಂದ ರೆಕ್ಕೆಗಳ ಬುಡದ ಕಡೆಗೆ ಓರೆಯಾಗಿ ಏರುವಂತೆ ಕೂರಿಸಿದೆ. ಅದರಲ್ಲೇ ಎರಡು ತೂತು ಕೊರೆದು ಫ್ಯಾನ್‌ಗಳನ್ನು ಮೇಲ್ಮುಖವಾಗಿ ಹಾಕಿದೆ. ರೆಕ್ಕೆಗಳ ಮೇಲ್ಗಡೆ, ಬಿಸಿ ಗಾಳಿ ಸಿಕ್ಕಿಕೊಳ್ಳುತ್ತಿದ್ದ ಮೂಲೆಗೆ, ಇನ್ನೊಂದು ಬಾಗಿದ ತಗಡು ಕೊಟ್ಟು ಗಾಳಿಯನ್ನು ಜಾಲರಿಯತ್ತ ತಿರುಗಿಸಿದೆ. ಮತ್ತೆ ಊದುಬತ್ತಿ ಹಿಡಿದೆ. ಈ ಸಲ ಹೊಗೆ ಕೆಳಗಿನ ಜಾಲರಿಯಿಂದ ದಾರದಂತೆ ಒಳಗೆ ಹೋಯಿತು.

ಮುಂದಿನ ಪ್ರವಾಸದಲ್ಲಿ ಅದೇ 38 ಡಿಗ್ರಿಗೆ ಒಳಗೆ 6, ರಾತ್ರಿ 3.

ಫ್ಯಾನಿನ ಥರ್ಮೋಸ್ಟಾಟ್ ಸ್ವಿಚ್ 45 ಡಿಗ್ರಿಗೆ ತಾನೇ ಆನ್ ಆಗುವಂಥದ್ದು. ಅದನ್ನು ಗೋಡೆಗಲ್ಲ, ರೆಕ್ಕೆಗೇ ಕಟ್ಟಿ. ಫ್ಯಾನ್ ಗಾಳಿ ಬರ್ನರ್ ಮೇಲೆ ಬೀಳಬಾರದು. ಬರ್ನರ್ ಕೊಳವೆಯ ಹತ್ತಿರ ಥರ್ಮೋಕೋಲ್, ಫೋಮ್ ಏನನ್ನೂ ತುರುಕಬೇಡಿ. ಕೆಳಗಿನ ಜಾಲರಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ: ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಹೊರಹೋಗಲು ಅದಕ್ಕಿರುವ ದಾರಿ ಅದೇ.

ಫ್ರಿಡ್ಜ್ ಒಳಗೆ ಇಡುವ ಪುಟ್ಟ ಬ್ಯಾಟರಿ ಫ್ಯಾನನ್ನೂ ನೋಡಿದೆ. ಮೇಲಿನ ತಟ್ಟೆಗೂ ಕೆಳಗಿನದಕ್ಕೂ ಇರುವ ವ್ಯತ್ಯಾಸ ಕಡಿಮೆಯಾಗುತ್ತದೆ, ಅಷ್ಟೆ.

ಇನ್ನು ಕಂಪ್ರೆಸರ್. ಗೆಳೆಯರೊಬ್ಬರು ಹಳೆಯದನ್ನು ಕಿತ್ತು 12 ವೋಲ್ಟಿನ ಕಂಪ್ರೆಸರ್ ಫ್ರಿಡ್ಜ್ ಹಾಕಿಸಿಕೊಂಡಿದ್ದಾರೆ. ಅವರ ಗಾಡಿಯಲ್ಲಿ ಎರಡು ದಿನ ಇದ್ದು ನೋಡಿದೆ. ತಂಪಿನ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ, ಹಾಲು 3 ಡಿಗ್ರಿ ಬಿಟ್ಟು ಅಲ್ಲಾಡಲಿಲ್ಲ. ಗಾಡಿ ಸ್ವಲ್ಪ ವಾಲಿದರೂ ಅದಕ್ಕೆ ತೊಂದರೆಯಿಲ್ಲ. ಆದರೆ ಅವರು ಫ್ರಿಡ್ಜಿಗೇ ಸಾವಿರ ಡಾಲರ್ ಮೇಲೆ ಕೊಟ್ಟು, ಲಿಥಿಯಂ ಬ್ಯಾಟರಿ, ಚಾವಣಿ ಮೇಲಿನ ಪ್ಯಾನೆಲ್ ಎಲ್ಲ ಸೇರಿಸಿಕೊಂಡರು. ನಮ್ಮದು 100 ಆಂಪಿಯರ್-ಅವರ್‌ನ ಒಂದೇ ಲೆಡ್ ಆಸಿಡ್ ಬ್ಯಾಟರಿ, ಅದರಲ್ಲಿ ಧೈರ್ಯವಾಗಿ ಬಳಸಬಹುದಾದ್ದು ಅರ್ಧ. ನಾವು ಉಳಿಯುವುದು ಫ್ಲ್ಯಾಗ್‌ಸ್ಟಾಫ್ ಸುತ್ತಲಿನ ಕೊಕೊನಿನೊ ಕಾಡಿನಲ್ಲಿ, ವಿದ್ಯುತ್ ಪ್ಲಗ್ ಇಲ್ಲದ ಕಡೆ, ಒಮ್ಮೆಗೆ ಮೂರು ರಾತ್ರಿ. ಪೈನ್ ಮರದಡಿ ನಿಲ್ಲಿಸಿದರೆ ಪ್ಯಾನೆಲ್‌ಗೂ ಬಿಸಿಲಿಲ್ಲ. ಪ್ರೊಪೇನ್ ಆದರೆ ಸಿಲಿಂಡರ್ ತುಂಬಿಸಿಕೊಂಡು ಹೋದರಾಯಿತು. ವಿದ್ಯುತ್ ಇರುವ ಕ್ಯಾಂಪ್‌ಗ್ರೌಂಡ್‌ಗಳಿಗೇ ಹೋಗುವವರು, ಕೈಯಲ್ಲಿ ದುಡ್ಡಿರುವವರು, ಕಂಪ್ರೆಸರ್ ಹಾಕಿಸಿಕೊಳ್ಳಲಿ. ನಮ್ಮ ಈಗಿನ ಕೂಲಿಂಗ್ ಯೂನಿಟ್ ಸತ್ತ ದಿನ ನಾನೂ ಆ ಲೆಕ್ಕ ಹಾಕುತ್ತೇನೆ.

ಸದ್ಯಕ್ಕೆ ಹೊರಡುವ ಹಿಂದಿನ ರಾತ್ರಿಯೇ ಮನೆಯ ಪ್ಲಗ್‌ಗೆ ಹಾಕಿ ಫ್ರಿಡ್ಜ್ ತಣ್ಣಗೆ ಮಾಡಿಕೊಳ್ಳುತ್ತೇವೆ. ಹಿಟ್ಟಿನ ಡಬ್ಬಿ ಮಾತ್ರ ಈಗಲೂ ಮುಕ್ಕಾಲು ತುಂಬಿಸಿಯೇ ಇಡುತ್ತಾಳೆ ನನ್ನವಳು.