ಫೀಲ್ಡ್‌ವರ್ಕ್ ಅನುದಾನ: ದುಡ್ಡೇನೋ ಬಂತು, ಟಂಟಂ ಬಿಲ್ ಎಲ್ಲಿಂದ ತರಲಿ?

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಎರಡನೇ ವರ್ಷದಲ್ಲಿ ಕುಷ್ಟಗಿ ತಾಲೂಕಿನ ಹಳ್ಳಿಗಳಲ್ಲಿ ಎರಡು ತಿಂಗಳು ಓಡಾಡಿದೆ. ಬೋರ್‌ವೆಲ್ ನೀರಿನ ಫ್ಲೋರೈಡ್, ಅದರಿಂದ ಮಕ್ಕಳ ಹಲ್ಲಿಗೆ ಬೀಳುವ ಕಲೆ, ಇದೇ ನನ್ನ ವಿಷಯ. ಖರ್ಚಿಗೆ ಒಂದು ಸಂಸ್ಥೆ 40,000 ರೂಪಾಯಿ ಕೊಟ್ಟಿತು. ಹೆಸರು ಬೇಡ ಬಿಡಿ.

ಅರ್ಜಿ ನಾಲ್ಕೇ ಪುಟ. ಅರ್ಧ ಹಣ ಹೊರಡುವ ಮೊದಲೇ ಖಾತೆಗೆ ಬಂತು. ನೀರು ಪರೀಕ್ಷೆಯ ಕಿಟ್‌ಗೆ ಬೇರೆಯೇ ದುಡ್ಡು ಇಟ್ಟಿದ್ದರು, ಅದು ನಿಜಕ್ಕೂ ಒಳ್ಳೇದು. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5. ಕಿಟ್‌ನಲ್ಲಿ ಬಣ್ಣ ತಿರುಗಿದ್ದು ನೋಡಿ ಒಬ್ಬ ಅಜ್ಜಿ ಕೇಳಿದಳು, "ಕಾಸಿ ಕುಡದ್ರ ಹೋಗಂಗಿಲ್ಲೇನವಾ?" ಹೋಗಲ್ಲ. ಕಾಸಿದಷ್ಟೂ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಜಾಸ್ತಿ ಆಗುತ್ತೆ. ಅದನ್ನು ಹೇಳುವಾಗ ನನಗೇ ಸಂಕಟ ಆಯಿತು.

ಈಗ ತಕರಾರು. ಪ್ರಯಾಣಕ್ಕೆಲ್ಲ ಬಿಲ್ ಬೇಕಂತೆ. ಹಳ್ಳಿ ಕಡೆ ಜನ ತುಂಬಿಕೊಂಡು ಓಡೋ ಟಂಟಂ ಆಟೋದವರು ಬಿಲ್ ಕೊಡ್ತಾರಾ? ನೋಟ್‌ಬುಕ್ ಹಾಳೆಯಲ್ಲಿ ಊರು, ದಿನ, ದುಡ್ಡು ಬರೆದು ಡ್ರೈವರಣ್ಣನ ಸಹಿ ಹಾಕಿಸಿದೆ. ಒಪ್ಪಲಿಲ್ಲ. 2,300 ರೂಪಾಯಿ ಕೈಯಿಂದ ಹೋಯಿತು.

ಅದಕ್ಕಿಂತ ಬೇಜಾರು, ಜೊತೆಗೆ ಬಿಸಿಲಲ್ಲಿ ಅಲೆದ ಊರಿನ ಆಶಾ ಕಾರ್ಯಕರ್ತೆ ಅಕ್ಕನಿಗೆ ಭತ್ಯೆ ಕೊಡಲು ಬಜೆಟ್‌ನಲ್ಲಿ ಜಾಗವೇ ಇರಲಿಲ್ಲ. ಆಕೆ ಇಲ್ಲದಿದ್ದರೆ ನನಗೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಮಿರ್ಚಿ-ಮಂಡಕ್ಕಿ ತಿನ್ನಿಸಿದೆ, ಅಷ್ಟೇ.

ಉಳಿದರ್ಧ ಹಣ ವರದಿ ಕೊಟ್ಟ ಐದು ತಿಂಗಳಿಗೆ ಬಂತು. ಐದಕ್ಕೆ ಮೂರು ಕೊಡುತ್ತೇನೆ. ನೀವು ಹಾಕುವುದಾದರೆ ಪ್ರಯಾಣದ ಖರ್ಚನ್ನು ದಿನಕ್ಕಿಷ್ಟು ಅಂತ ಅರ್ಜಿಯಲ್ಲೇ ಬರೆದುಬಿಡಿ.